ಅಗೆದವರು ಬರೆದಿಡಬೇಕು

ಪ್ರೀತಿಯ ಪದವೀಧರರೇ,

ನಂಜನಗೂಡಿನ ಪಕ್ಕ ಹರಿಯುವ ಕಪಿಲೆ ಮುಂದೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕುಂಭಮೇಳಕ್ಕೆ ಹೋಗಿ ಆ ಸಂಗಮದಲ್ಲಿ ಮಿಂದವರು ನಿಮ್ಮಲ್ಲಿ ಅನೇಕರಿದ್ದೀರಿ. ಅದೇ ಊರಿನ ನೆಲವನ್ನು 1959-60ರಲ್ಲಿ ಒಮ್ಮೆ, 1961-62ರಲ್ಲಿ ಮತ್ತೊಮ್ಮೆ ಅಗೆದು ನೋಡಿದರು. ಆ ಉತ್ಖನನದ ವರದಿ ಬರೆದವರು ಪ್ರೊ. ಎಂ. ಶೇಷಾದ್ರಿ. ನವಶಿಲಾಯುಗದ ಜನರ ನಯಗೊಳಿಸಿದ ಕಲ್ಲಿನ ಆಯುಧಗಳು, ಮಡಕೆಗಳು, ಸಮಾಧಿಗಳು ಅಲ್ಲಿ ಕಂಡವು. ಸುಟ್ಟ ಮಣ್ಣಿನ ತಲೆದಿಂಬೂ ಸಿಕ್ಕಿತು. ಮೂರೂವರೆ ಸಾವಿರ ವರ್ಷಗಳಷ್ಟು ಹಿಂದೆ ಈ ಹೊಳೆಯ ದಡದಲ್ಲಿ ಒಬ್ಬರು ಅದಕ್ಕೆ ತಲೆಯಾನಿಸಿ ಮಲಗಿದ್ದಿರಬೇಕು ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ವರದಿ ಅಚ್ಚಾದದ್ದು 1971ರಲ್ಲಿ. ಕೊನೆಯ ಹಂಗಾಮಿನ ಅಗೆತ ಮುಗಿದು ಹತ್ತಿರ ಹತ್ತಿರ ಹತ್ತು ವರ್ಷ ಆಗಿತ್ತು. ಇಂದು ನಿಮ್ಮ ಮುಂದೆ ಇಡಬೇಕೆಂದು ಬಂದಿರುವ ವಿಷಯ ಆ ಹತ್ತು ವರ್ಷಗಳದ್ದೇ.

ಉತ್ಖನನ ಎಂಬುದು ವಿಚಿತ್ರವಾದ ಕೆಲಸ. ರಸಾಯನಶಾಸ್ತ್ರದ ಪ್ರಯೋಗವನ್ನು ನಾಳೆ ಮತ್ತೆ ಮಾಡಬಹುದು. ಅಗೆದ ಗುಂಡಿಯನ್ನು ಮತ್ತೆ ಅಗೆಯಲಾಗದು. ಯಾವ ಪದರದ ಮೇಲೆ ಯಾವ ಪದರವಿತ್ತು, ಬೂದಿ ಎಷ್ಟು ಆಳದಲ್ಲಿತ್ತು, ಮಣ್ಣು ಎಲ್ಲಿ ಕಪ್ಪಾಗಿತ್ತು ಎಂಬುದೆಲ್ಲ ಗುದ್ದಲಿ ಬಿದ್ದ ಕ್ಷಣಕ್ಕೆ ಅಳಿಸಿಹೋಗುತ್ತದೆ. ಆಮೇಲೆ ಉಳಿಯುವುದು ಸಿಕ್ಕ ವಸ್ತುಗಳು ಮತ್ತು ಬರೆದಿಟ್ಟ ಮಾತು. ಬರೆಯದಿದ್ದರೆ ಆ ವಸ್ತುಗಳಿಗೂ ಊರಿಲ್ಲ, ಕಾಲವಿಲ್ಲ. ಅದಕ್ಕಾಗಿಯೇ ಮಡಕೆಯ ಪ್ರತಿ ಬೋಕಿಯನ್ನೂ ತೊಳೆದು, ಒಣಗಿಸಿ, ಯಾವ ಗುಂಡಿಯ ಯಾವ ಪದರದ್ದೆಂದು ಶಾಯಿಯಲ್ಲಿ ಗುರುತು ಹಾಕುತ್ತಾರೆ. ಮಡಕೆಯ ಬಾಯಂಚನ್ನು ಅಳೆದು ಚಿತ್ರ ಬರೆಯುತ್ತಾರೆ. ತಲೆದಿಂಬು ಸಿಕ್ಕ ದಿನ ಎಲ್ಲರೂ ಓಡಿಬಂದು ನೋಡುತ್ತಾರೆ. ಸಾವಿರದ ಒಂದನೆಯ ಬೋಕಿಗೆ ಸಂಖ್ಯೆ ಬರೆಯುವಾಗ ನೋಡಲು ಯಾರೂ ಬರುವುದಿಲ್ಲ. ನನ್ನ ದೃಷ್ಟಿಯಲ್ಲಿ ವಿದ್ಯೆ ಇರುವುದು ಆ ಎರಡನೆಯ ಕೆಲಸದಲ್ಲಿ. ಅಗೆದು, ಸುದ್ದಿಯಾಗಿ, ವರದಿಯಾಗದೆ ಉಳಿದ ಉತ್ಖನನಗಳು ನಮ್ಮ ದೇಶದಲ್ಲಿ ಕಡಿಮೆಯೇನಲ್ಲ. ಅವು ನೆಲಕ್ಕೂ ನಷ್ಟ, ನಮಗೂ ನಷ್ಟ.

ಬರೆದಿಟ್ಟರೆ ಏನಾಗುತ್ತದೆ? ನಮ್ಮದು ತಪ್ಪೆಂದು ಇನ್ನೊಬ್ಬರು ಹೇಳಲು ದಾರಿಯಾಗುತ್ತದೆ. ಹಾವೇರಿ ಜಿಲ್ಲೆಯ ಹಳ್ಳೂರನ್ನು ಡಾ. ಎಂ. ಎಸ್. ನಾಗರಾಜರಾವ್ 1965ರಲ್ಲಿ ಅಗೆದರು. ಅವರ ಗ್ರಂಥವೂ 1971ರಲ್ಲೇ ಬಂತು. ಅಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಸಸ್ಯವಿಜ್ಞಾನಿ ವಿಷ್ಣು ಮಿತ್ರೆ ರಾಗಿ ಎಂದು ಗುರುತಿಸಿದ್ದರು. ರಾಗಿ ಮುದ್ದೆ ಉಂಡು ಬೆಳೆದ ನಮ್ಮಂಥವರಿಗೆ ಅದಕ್ಕಿಂತ ಸಂತೋಷದ ಸುದ್ದಿ ಬೇಕೆ? ಆದರೆ ಮುಂದಿನ ತಲೆಮಾರಿನ ಡೋರಿಯನ್ ಫುಲ್ಲರ್ ಮೊದಲಾದವರು ಆ ಗುರುತನ್ನು ಪ್ರಶ್ನಿಸಿದರು. ಅವರು ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಕರಿಕಾಳುಗಳನ್ನು ಸೋಸಿ ತೆಗೆಯುವವರು. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಅವರಿಗೆ ಮುಖ್ಯವಾಗಿ ಕಂಡದ್ದು ಹುರುಳಿ, ಹೆಸರು, ಕೊರಲೆ. ಹಳ್ಳೂರಿನ ಕಾಳು ರಾಗಿಯೇ ಎಂಬ ಮಾತು ಸಡಿಲವಾಯಿತು. ಮೊದಲಿನವರಿಗೆ ಇದರಿಂದ ಅವಮಾನವಾಯಿತೆಂದು ನಾನು ಒಪ್ಪುವುದಿಲ್ಲ. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಏನೆಂದು ತಿಳಿದೆವು ಎಂದು ಅವರು ಮುಚ್ಚುಮರೆಯಿಲ್ಲದೆ ಅಚ್ಚುಹಾಕಿದ್ದರಿಂದಲೇ ತಿದ್ದುವವರಿಗೆ ಹಿಡಿಯಲು ಎಳೆಯೊಂದು ಸಿಕ್ಕಿತು.

ಪುರಾತತ್ತ್ವದಲ್ಲಿ ಇನ್ನೊಂದು ಪದ್ಧತಿಯಿದೆ, ನನಗೆ ಬಹಳ ಪ್ರಿಯವಾದದ್ದು. ನೆಲೆಯನ್ನು ಪೂರ್ತಿ ಅಗೆಯುವುದಿಲ್ಲ. ಮುಂದೆ ಬರುವವರ ಕೈಯಲ್ಲಿ ನಮಗಿಂತ ಒಳ್ಳೆಯ ಸಲಕರಣೆ ಇರುತ್ತದೆಂದು ಒಂದಷ್ಟು ಜಾಗ ಮುಟ್ಟದೆ ಬಿಡುತ್ತಾರೆ. ಅಗೆದ ಗುಂಡಿಯನ್ನು ಮುಚ್ಚುವ ಮೊದಲು ತಳದಲ್ಲಿ ಆ ವರ್ಷದ ನಾಣ್ಯವೊಂದನ್ನು ಇಡುವುದೂ ಉಂಟು, ಇಲ್ಲಿಯವರೆಗೆ ನಾವು ಬಂದಿದ್ದೆವು ಎಂದು ತಿಳಿಸಲು.

ನೀವೂ ಒಂದು ಬಗೆಯಲ್ಲಿ ಅಗೆದವರೇ. ಕೊನೆಯ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಮಾಡಿದಿರಿ. ಕೆರೆ ಅಳೆದವರಿದ್ದೀರಿ, ಬಾಳೆ ಬೆಳೆಗಾರರನ್ನು ಮಾತಾಡಿಸಿದವರಿದ್ದೀರಿ, ಸಾಫ್ಟ್‌ವೇರ್ ಬರೆದವರಿದ್ದೀರಿ. ಬೈಂಡು ಮಾಡಿಸಿ, ಸಹಿ ಹಾಕಿಸಿ, ಅಂಕ ಪಡೆದಿರಿ. ಅಭಿನಂದನೆ. ಆದರೆ ಆ ಬೈಂಡಿನಲ್ಲಿ ಸೇರದೆ ಹೋದದ್ದು ನಿಮ್ಮ ನೋಟ್‌ಬುಕ್‌ನಲ್ಲಿದೆ: ಉತ್ತರ ಕೊಡದ ಮನೆಗಳು, ಕೆಟ್ಟ ಅಳತೆ, ಅರ್ಧಕ್ಕೆ ಬಿಟ್ಟ ದಾರಿ, ಮಾರ್ಗದರ್ಶಕರಿಗೂ ನಿಮಗೂ ಒಮ್ಮತವಾಗದ ವಿಷಯ. ಈ ವಾರ ಅದು ಇನ್ನೂ ನೆನಪಿನಲ್ಲಿದೆ. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ನಿಮ್ಮ ಕೈಬರಹವೇ ನಿಮಗೆ ಅರ್ಥವಾಗದು. ಊರಿಗೆ ಹೊರಡುವ ಮುಂಚೆ ಕೂತು ನಾಲ್ಕು ಪುಟ ಬರೆಯಿರಿ. ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಇಡಿ. ದಿನಾಂಕ ಹಾಕಿ.

ಪ್ರಾಂಶುಪಾಲರಲ್ಲಿ ನನ್ನದೊಂದು ಕೋರಿಕೆ. ಗ್ರಂಥಾಲಯದಲ್ಲಿ ಒಂದು ಕಪಾಟನ್ನು ಈ ಪುಟಗಳಿಗಾಗಿ ಬಿಟ್ಟುಕೊಡಿ. ಬೀಗ ಬೇಡ. ಮುಂದಿನ ವರ್ಷ ಅದೇ ಕೆರೆಗೆ ಹೋಗುವ ಹುಡುಗಿ ಮೊದಲು ಅದನ್ನು ಓದಿಕೊಂಡು ಹೊರಡಲಿ.