ಬೇಡ ಅಂದಿದ್ದು ಯಾರು?

ಇವತ್ತು ರಾಜಕೀಯ ಬೇಡ. ಇವತ್ತಿನ ಮಾತು ಮಾತಿನ ಬಗ್ಗೆಯೇ.

ಕಳೆದ ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯ್ತಾ ನಿಂತಿದ್ದೆ. 1943ರಿಂದ ಇರೋ ಹೋಟೆಲು, ಭಾನುವಾರ ಹೋದರೆ ಕಾಯಲೇಬೇಕು. ಪಕ್ಕದಲ್ಲಿದ್ದ ಹುಡುಗ ಫೋನಿನಲ್ಲಿ ಹೇಳ್ತಿದ್ದ: "ಈ ವೀಕ್ ಬ್ಯಾಂಡ್‌ವಿಡ್ತ್ ಇಲ್ಲ ಮಗಾ, ನಾನು ಸರ್ಕಲ್ ಬ್ಯಾಕ್ ಮಾಡ್ತೀನಿ." ನನ್ನ ಹಿಂದಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ಯಾವ ಸರ್ಕಲ್ಲಂತೆ? ನೆಟ್ಟಕಲ್ಲಪ್ಪ ಸರ್ಕಲ್ಲಾ?"

ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದವನು. ನಮಗೆ ಬ್ಯಾಂಡ್‌ವಿಡ್ತ್ ಅಂದ್ರೆ ಹರ್ಟ್ಸ್‌ನಲ್ಲಿ ಅಳೆಯೋದು. ಮನುಷ್ಯನಿಗೆ ಇಲ್ಲದೇ ಹೋಗೋದು ಪುರುಸೊತ್ತು. ಪುರುಸೊತ್ತು ಕೂಡ ಅಚ್ಚಗನ್ನಡವಲ್ಲ, ಉರ್ದುವಿನ ಫುರ್ಸತ್ ನಮ್ಮ ಬಾಯಲ್ಲಿ ಹಾಗಾಗಿದೆ. ಆದ್ದರಿಂದ ಇಂಗ್ಲಿಷ್ ಬೇಡ ಅಂತ ನಾನು ಜಗಳಕ್ಕೆ ನಿಂತಿಲ್ಲ. ಬಸ್ಸು, ಬ್ಯಾಂಕು, ಕಾಫಿ ಎಲ್ಲ ನಮ್ಮವೇ. ಆ ಪದ ಕೇಳಿದ ಕೂಡಲೇ ವಸ್ತು ಕಣ್ಣಿಗೆ ಬರುತ್ತೆ. ನನ್ನ ತಕರಾರು ಏನನ್ನೂ ತೋರಿಸದ ಪದಗಳ ಮೇಲೆ.

ಓದು ಮುಗಿಸಿ ಎರಡು ವರ್ಷ ನಾನೂ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೆ. ಪ್ರಾಜೆಕ್ಟ್ ಸಿಗದೆ ಕೂತಿದ್ದಾಗ ಮನೇಲಿ "ಬೆಂಚ್ ಮೇಲಿದ್ದೀನಿ" ಅಂದೆ. ಅಮ್ಮ ಗಾಬರಿಯಾದಳು: "ಈ ವಯಸ್ಸಲ್ಲೂ ಬೆಂಚ್ ಮೇಲೆ ನಿಲ್ಲಿಸ್ತಾರೇನೋ? ಏನು ತಪ್ಪು ಮಾಡಿದೆ?" ನಕ್ಕುಬಿಟ್ಟೆ. ಮೂರು ತಿಂಗಳು ಕೆಲಸವಿಲ್ಲದೆ ಕೂತ ಮೇಲೆ, ಅಮ್ಮನಿಗೆ ಸರಿಯಾಗೇ ಅರ್ಥವಾಗಿತ್ತು ಅನ್ನಿಸ್ತು.

ಅಲ್ಲಿ ಸೇರಿದ ಮೊದಲ ದಿನವೇ ಹೇಳಿದ್ರು: "ಇಲ್ಲಿ ಸರ್ ಇಲ್ಲ, ಮೇಡಂ ಇಲ್ಲ. ಎಲ್ಲರನ್ನೂ ಹೆಸರು ಹಿಡಿದು ಕರೀರಿ." ನಾನು ಚಾಮರಾಜಪೇಟೆಯಲ್ಲಿ ಬೆಳೆದವನು. ಅಂಗಡಿಯವರನ್ನೂ ಮಾಮ ಅಂತ ಕರೆದೇ ಅಭ್ಯಾಸ. ಅಪ್ಪನ ವಯಸ್ಸಿನ ವೈಸ್ ಪ್ರೆಸಿಡೆಂಟನ್ನು ಬರೀ ಹೆಸರಿನಿಂದ ಕರೆಯೋಕೆ ನಾಲಿಗೆಯೇ ಏಳಲಿಲ್ಲ. ತಿಂಗಳು ಕಳೆದ ಮೇಲೆ ರೂಢಿಯಾಯ್ತು. ನಿಜ ಹೇಳಬೇಕು ಅಂದ್ರೆ, ಖುಷಿಯೂ ಆಯ್ತು.

ಹೆಸರು ಚಿಕ್ಕದಾಯ್ತು. ಹುದ್ದೆ ಮಾತ್ರ ಬೆಳೀತಾ ಹೋಯ್ತು. ಚೀಫ್ ಗ್ರೋತ್ ಆಫೀಸರ್, ಚೀಫ್ ಪೀಪಲ್ ಆಫೀಸರ್, ಚೀಫ್ ಹ್ಯಾಪಿನೆಸ್ ಆಫೀಸರ್. ನಮ್ಮೂರಲ್ಲೇ 2002ರಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಚೀಫ್ ಮೆಂಟರ್ ಆದರು. 2008ರಲ್ಲಿ ಮೈಂಡ್‌ಟ್ರೀಯ ಸುಬ್ರತೋ ಬಾಗ್ಚಿ 'ಗಾರ್ಡನರ್', ಅಂದ್ರೆ ತೋಟಗಾರ, ಅನ್ನೋ ಹೆಸರಿಟ್ಟುಕೊಂಡರು. ಮುಂದಿನ ನಾಯಕರನ್ನು ಬೆಳೆಸೋದು ಅವರ ಕೆಲಸವಾಗಿತ್ತು. ಈ ಹೆಸರುಗಳಿಗೆ ನಗಬಹುದು, ಆದರೆ ಅದರಲ್ಲೊಂದು ಕೆಲಸವಾದರೂ ಕಾಣುತ್ತೆ.

ಕನ್ನಡದಲ್ಲಿ ಸಿಇಒ ಅಂದ್ರೆ 'ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ'. ನಾನು ಅದನ್ನು ಹೇಳಿ ಮುಗಿಸೋ ಹೊತ್ತಿಗೆ ಬ್ರೇಕ್ ಬಂದಿರುತ್ತೆ! ಹಳ್ಳಿಯ ಕಡೆ ಸಿಇಒ ಅಂದ್ರೆ ಜಿಲ್ಲಾ ಪಂಚಾಯಿತಿ ಸಿಇಒ. ಕಾಮಗಾರಿ ನಿಂತರೆ, ಕೂಲಿ ಬರದಿದ್ದರೆ ಅರ್ಜಿ ಹಿಡಿದು ಹೋಗೋದು ಅವರ ಬಳಿಗೆ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು. ದಿವಾನ ಅನ್ನೋದೂ ಹೊರಗಿಂದ ಬಂದ ಪದವೇ. ಆದರೆ ದೂರು ಯಾರಿಗೆ ಹೇಳಬೇಕು ಅನ್ನೋದು ಸಂಸ್ಥಾನದಲ್ಲಿ ಎಲ್ಲರಿಗೂ ಗೊತ್ತಿತ್ತು.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಮಲ್ಲೇಶ್ವರದಲ್ಲಿ ನನ್ನ ಸ್ನೇಹಿತನೊಬ್ಬ ಇದ್ದಾನೆ, ಕಾಲೇಜಿನ ಕಾಲದವನು. ಒಂದೇ ಕಂಪನಿಯಲ್ಲಿ ಹನ್ನೊಂದು ವರ್ಷ ದುಡಿದ. ಒಂದು ಬೆಳಿಗ್ಗೆ ಮೇಲ್ ಬಂತು. ರೈಟ್‌ಸೈಜಿಂಗ್ ಭಾಗವಾಗಿ ನಿಮ್ಮ ರೋಲ್ ಇಂಪ್ಯಾಕ್ಟ್ ಆಗಿದೆ, ನಿಮ್ಮ ಮುಂದಿನ ಜರ್ನಿಗೆ ಶುಭವಾಗಲಿ. ಕೆಳಗೆ ಸಹಿ: ಪೀಪಲ್ ಟೀಮ್.

ವಿಷಯ ತಿಳಿದು ಅವರ ಮನೆಗೆ ಹೋಗಿದ್ದೆ. ಅವನು ತಾಯಿಗೆ ಅದನ್ನು ವಿವರಿಸ್ತಿದ್ದ. ರೋಲ್ ಹೋಯ್ತು ಅಮ್ಮ, ರೀಸ್ಟ್ರಕ್ಚರ್ ಮಾಡ್ತಿದ್ದಾರೆ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಅದೆಲ್ಲ ಸರಿಯಪ್ಪ. ನಿನ್ನ ಬೇಡ ಅಂದಿದ್ದು ಯಾರು?"

ಅವನ ಹತ್ತಿರ ಉತ್ತರ ಇರಲಿಲ್ಲ. ಹನ್ನೊಂದು ವರ್ಷ ಮೇಲಿನವರನ್ನೆಲ್ಲ ಹೆಸರು ಹಿಡಿದು ಕರೆದಿದ್ದ. ಕೆಲಸ ಹೋದ ದಿನ ಆ ಮೇಲಿನಲ್ಲಿ ಒಬ್ಬರ ಹೆಸರೂ ಇರಲಿಲ್ಲ.

ವೀಕ್ಷಕರೇ, ಕಂಪನಿಗೆ ನಷ್ಟ ಆಗಬಹುದು, ಜನರನ್ನು ಕಡಿಮೆ ಮಾಡೋ ಪರಿಸ್ಥಿತಿ ಬರಬಹುದು. ಅದು ನನಗೂ ಅರ್ಥ ಆಗುತ್ತೆ. ಆದರೆ ಎದುರಿಗೆ ಕೂತು "ನಾನು ಈ ತೀರ್ಮಾನ ಮಾಡಿದೆ" ಅನ್ನೋಕೆ ಒಬ್ಬರಾದರೂ ಬೇಡವೇ? ಹಳೇ ಹೋಟೆಲ್ಲಿಗೆ ಹೋಗಿ ನೋಡಿ. ಗಲ್ಲಾದಲ್ಲಿ ಕೂತವರು ಯಜಮಾನರು. ಸಾಂಬಾರಿನಲ್ಲಿ ಉಪ್ಪು ಜಾಸ್ತಿಯಾದರೆ ಹೇಳೋದು ಅವರಿಗೇ. ಭಟ್ಟರನ್ನು ಕೆಲಸ ಬಿಡಿಸಿದ್ರೂ ಅದನ್ನು ಹೇಳಬೇಕಾದವರು ಅವರೇ. ಯಜಮಾನ ಅಂತ ಕರೆಸಿಕೊಂಡ ಮೇಲೆ ಬೈಗುಳವೂ ಅವರ ಪಾಲಿಗೇ.

ಕಾನೂನಿಗೂ ಇದು ಗೊತ್ತು. 2013ರ ಕಂಪನಿ ಕಾಯ್ದೆಯಲ್ಲಿ ಚೀಫ್ ಹ್ಯಾಪಿನೆಸ್ ಆಫೀಸರ್ ಅನ್ನೋ ಹುದ್ದೆ ಇಲ್ಲ. ಸಿಇಒ, ವ್ಯವಸ್ಥಾಪಕ ನಿರ್ದೇಶಕ, ಸಿಎಫ್‌ಒ, ಕಂಪನಿ ಸೆಕ್ರೆಟರಿ, ಇಂಥ ಕೆಲವು ಹುದ್ದೆಗಳಿವೆ. ಕಾಯ್ದೆ ಮುರಿದಾಗ ಯಾವ ಅಧಿಕಾರಿ ಹೊಣೆ ಅನ್ನೋದಕ್ಕೆ ಬೇರೆಯಾಗಿ ವ್ಯಾಖ್ಯೆಯನ್ನೇ ಬರೆದಿಟ್ಟಿದ್ದಾರೆ. ಆದರೆ ಒಬ್ಬ ಮನುಷ್ಯನಿಗೆ ಮುಖ ಕೊಟ್ಟು ಮಾತಾಡಿ ಅಂತ ಯಾವ ಕಾಯ್ದೆಯೂ ಕಲಿಸಲ್ಲ.

ನಾವು ಚಾನೆಲ್ಲಿನವರೂ ಸಾಚಾ ಅಲ್ಲ. "ಇಷ್ಟು ಮಂದಿಯನ್ನು ಕೆಲಸದಿಂದ ತೆಗೆಯಲಾಗಿದೆ" ಅಂತ ಇದೇ ಕುರ್ಚಿಯಲ್ಲಿ ಕೂತು ನಾನೇ ಓದಿದ್ದೀನಿ. ತೆಗೆಯ'ಲಾಗಿದೆ'. ಯಾರು ತೆಗೆದರು? ಆ 'ಲಾಗಿದೆ' ಹಿಂದೆ ಅವರು ಬಚ್ಚಿಟ್ಟುಕೊಂಡಿದ್ದಾರೆ, ಜಾಗ ಮಾಡಿಕೊಟ್ಟಿದ್ದು ನಾನು. ಮನೇಲಿ ಮಗು "ಹಾಲು ಚೆಲ್ಲೋಯ್ತು" ಅಂದ್ರೆ ಅಮ್ಮ ಬಿಡ್ತಾಳಾ? "ಚೆಲ್ಲಿದ್ದು ಯಾರು?" ಅಂತ ಕೇಳ್ತಾಳೆ. ನಾವೂ ಕೇಳಬೇಕಿತ್ತು. ಇನ್ನು ಮೇಲೆ ಇಂಥ ಸುದ್ದಿ ಬಂದಾಗ ತೀರ್ಮಾನ ಮಾಡಿದವರ ಹೆಸರು ಕೇಳಿಯೇ ಓದ್ತೀನಿ. ಕೊಡದಿದ್ದರೆ, ಹೆಸರು ಕೊಡಲಿಲ್ಲ ಅಂತ ಓದ್ತೀನಿ.

ದೊಡ್ಡ ಹುದ್ದೆಯಲ್ಲಿರೋರಿಗೆ ಒಂದು ಮಾತು. ನಿಮ್ಮನ್ನು ಸರ್ ಅನ್ನಲಿ, ಬಾಸ್ ಅನ್ನಲಿ, ಹೆಸರು ಹಿಡಿದೇ ಕರೀಲಿ, ನಮ್ಮ ಅಭ್ಯಂತರ ಇಲ್ಲ. ಬಡ್ತಿ ಪತ್ರಕ್ಕೆ ಹಾಕೋ ಸಹಿಯನ್ನ ಆ ಇನ್ನೊಂದು ಪತ್ರಕ್ಕೂ ಹಾಕಿ. ಮಲ್ಲೇಶ್ವರದ ಆ ತಾಯಿ ಕೇಳಿದ್ದು ಇಷ್ಟೇ.