ಸನದಿನ ನಂತರದ ಓದು
(ವಕೀಲರ ಸಭೆಯಲ್ಲಿ ಮಾಡಿದ ಭಾಷಣದಿಂದ)



144 ಎಂದರೆ ನಿಷೇಧಾಜ್ಞೆ ಎಂಬುದು ಪೇಟೆಯ ಅಂಗಡಿಯವರಿಗೂ ಗೊತ್ತು. ಆದರೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು ಪತ್ನಿ, ಮಕ್ಕಳು ಮತ್ತು ತಂದೆತಾಯಿಯರ ಜೀವನಾಂಶದ ಕಲಂ. ನಿಷೇಧಾಜ್ಞೆ 163ಕ್ಕೆ ಸರಿದಿದೆ. 482 ಇನ್ನೂ ಮೋಸದ್ದು. ಹಿಂದೆ ಅದು ಹೈಕೋರ್ಟಿನ ಅಂತರ್ಗತ ಅಧಿಕಾರವಾಗಿತ್ತು, ಈಗ ನಿರೀಕ್ಷಣಾ ಜಾಮೀನು! ಹಳೆಯದನ್ನು ಮರೆಯುವಂತೆಯೂ ಇಲ್ಲ. ಆ ದಿನಾಂಕಕ್ಕೆ ಮುನ್ನ ನಡೆದ ಅಪರಾಧಕ್ಕೆ 1860ರ ದಂಡ ಸಂಹಿತೆಯೇ ಅನ್ವಯಿಸುತ್ತದೆ.

ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಒಮ್ಮೆ ತೇರ್ಗಡೆಯಾದ ನಮ್ಮನ್ನು ಮತ್ತೆ ಯಾರೂ ಪರೀಕ್ಷಿಸುವುದಿಲ್ಲ. ನಾವು ಓದದಿದ್ದರೆ ದಂಡ ತೆರುವವರು ಕಕ್ಷಿದಾರರು. ಸಿವಿಲ್ ವಕೀಲರು ಇದು ತಮಗೇಕೆ ಎನ್ನದಿರಲಿ. ಜೀವನಾಂಶ ಕೇಳಿ ಬರುವ ಸಹೋದರಿ ನಮ್ಮ ವಿಭಾಗ ವಿಚಾರಿಸಿ ಬರುವುದಿಲ್ಲ.

ತಿಂಗಳಿಗೊಂದು ಸಂಜೆ ಸಂಘದ ಗ್ರಂಥಾಲಯದಲ್ಲಿ ಹಿರಿಯರು ಕಿರಿಯರು ಜೊತೆಗೂಡಿ ಕುಳಿತುಕೊಳ್ಳೋಣ. ವಿಚ್ಛೇದಿತ ಮುಸ್ಲಿಮ್ ಮಹಿಳೆಯ ಜೀವನಾಂಶದ ಕುರಿತು ಸುಪ್ರೀಂ ಕೋರ್ಟು 2024ರ ಜುಲೈ 10ರಂದು ನೀಡಿದ ತೀರ್ಪಿನಿಂದಲೇ ಓದನ್ನು ಆರಂಭಿಸೋಣ.