ಲೋಕಮತದ ಅಳತೆ
(ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



“ಲೋಕಮತ ಹೀಗಿದೆ” ಎಂದು ಹೇಳಿಬಿಡುವದು ನಮ್ಮಲ್ಲಿ ಬಹು ಸುಲಭದ ಮಾತಾಗಿದೆ. ಸಭೆಯಲ್ಲಿ ಚಪ್ಪಾಳೆ ಬಿದ್ದರೆ ಅದು ಲೋಕಮತ. ಪತ್ರಿಕೆಗೆ ನಾಲ್ಕು ಕಾಗದಗಳು ಬಂದರೆ ಅದೂ ಲೋಕಮತ. ಚಾವಡಿಯ ಕಟ್ಟೆಯ ಮೇಲೆ ಐದು ಮಂದಿ ತಲೆದೂಗಿದರೆ ಅದೂ ಲೋಕಮತ. ಭಾಷಣ ಮಾಡುವ ನಾವಂತೂ ಈ ತಪ್ಪಿನಲ್ಲಿ ಎಲ್ಲರಿಗಿಂತ ಮುಂದು. ಚಪ್ಪಾಳೆ ತಟ್ಟಿದವರನ್ನು ಎಣಿಸುತ್ತೇವೆ. ಸುಮ್ಮನೆ ಕುಳಿತವರನ್ನು ಎಣಿಸುವದಿಲ್ಲ. ಸಭೆಗೆ ಬಾರದೆ ಮನೆಯಲ್ಲಿಯೇ ಉಳಿದವರನ್ನು ನೆನೆಯುವದೂ ಇಲ್ಲ. ಸಾಮಾಜಿಕ ವಿಷಯಗಳಲ್ಲಿ ಜನರ ಮನಸ್ಸನ್ನು ಅಂಕಿ-ಸಂಖ್ಯೆಗಳಿಂದ ಅಳೆಯಲು ಸಾಧ್ಯವುಂಟು. ಆದರೆ ಯಾರನ್ನು ಕೇಳಿದೆವು, ಹೇಗೆ ಕೇಳಿದೆವು, ಬಂದ ಅಂಕಿಯಿಂದ ಏನು ಮಾಡಿದೆವು ಎಂಬ ಮೂರರಲ್ಲಿ ಒಂದು ತಪ್ಪಿದರೂ ಆ ಅಳತೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಇಂದು ನಿಮ್ಮ ಮುಂದೆ ಇಡಬೇಕೆಂದಿರುವ ವಿಚಾರ ಇಷ್ಟೇ.

ಮೊದಲು ನಮ್ಮ ಅನುಭವದ ಒಂದು ಸಂಗತಿ. ಹಲವು ವರ್ಷಗಳ ಹಿಂದೆ ನಾವು ಹಳ್ಳಿಯೊಂದರ ಶಾಲೆಯಲ್ಲಿ ಶಿಕ್ಷಕರಾಗಿದ್ದೆವು. ಹತ್ತನೆಯ ತರಗತಿಯ ತರುವಾಯ ಹೆಣ್ಣುಮಕ್ಕಳನ್ನು ಪಟ್ಟಣದ ಕಾಲೇಜಿಗೆ ಕಳಿಸಬೇಕೋ ಬೇಡವೋ ಎಂಬ ವಿಷಯಕ್ಕೆ ಪಾಲಕರ ಸಭೆ ಕರೆದೆವು. “ಕಳಿಸಬೇಕೆನ್ನುವವರು ಕೈ ಎತ್ತಿರಿ” ಎಂದೆವು. ಮುಂದಿನ ಸಾಲಿನಲ್ಲಿದ್ದ ಊರ ಗೌಡರು ಕೈ ಎತ್ತಿದರು. ಕೂಡಲೆ ಹಿಂದಿನ ಕೈಗಳೆಲ್ಲ ಎದ್ದವು. ನಾವು ಹಿಗ್ಗಿ ಹೀರೇಕಾಯಿಯಾಗಿ “ಸರ್ವಾನುಮತದಿಂದ ಒಪ್ಪಿಗೆಯಾಯಿತು” ಎಂದು ದಫ್ತರದಲ್ಲಿ ಬರೆದೆವು. ಜೂನ್ ತಿಂಗಳು ಬಂತು. ಕಾಲೇಜಿಗೆ ಹೋದ ಹುಡುಗಿಯರು ಬೆರಳೆಣಿಕೆಯಷ್ಟು. ಮರುವರ್ಷ ನಾವು ಕೈ ಎತ್ತಿಸಲಿಲ್ಲ. ಪಾಲಕರಿಗೆಲ್ಲ ಒಂದೊಂದು ಚೀಟಿ ಕೊಟ್ಟು, ಹೆಸರು ಬರೆಯಬೇಡಿರಿ, ಕಳಿಸುವವರು ಒಂದು ಗೆರೆ ಎಳೆಯಿರಿ, ಕಳಿಸದವರು ಒಂದು ಸೊನ್ನೆ ಬರೆಯಿರಿ, ಮಡಚಿ ಡಬ್ಬಿಯಲ್ಲಿ ಹಾಕಿರಿ ಎಂದೆವು. ಡಬ್ಬಿ ತೆರೆದಾಗ ಗೆರೆಗಳಿಗಿಂತ ಸೊನ್ನೆಗಳೇ ಹೆಚ್ಚಾಗಿದ್ದವು. ಊರು ಅದೇ, ಜನರು ಅವರೇ, ವಿಷಯವೂ ಅದೇ. ಕೇಳಿದ ಬಗೆ ಮಾತ್ರ ಬೇರೆ. ಆ ಸೊನ್ನೆಗಳ ಅರ್ಥವೇನಿತ್ತೆಂಬದನ್ನು ಕೊನೆಯಲ್ಲಿ ಹೇಳುತ್ತೇವೆ.

ಈಗ ಮೊದಲನೆಯ ಪ್ರಶ್ನೆ: ಯಾರನ್ನು ಕೇಳಬೇಕು? ಕನ್ನಡಿಗರಾದ ನಮಗೆ ಹತ್ತಿರದ ಉದಾಹರಣೆಯೊಂದುಂಟು. 1953ರಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ದೇಶದ ಮೂಲೆಮೂಲೆಗಳಿಂದ ಅದಕ್ಕೆ 1,52,250 ನಿವೇದನೆಗಳು ಬಂದವು. ಆದರೆ ಚೆನ್ನಾಗಿ ವಿಚಾರಮಾಡಿ ಬರೆದವು ಅವುಗಳಲ್ಲಿ ಸುಮಾರು 2,000ಕ್ಕೆ ಮೀರಲಿಲ್ಲವೆಂದು ಆಯೋಗವೇ ತನ್ನ 1955ರ ವರದಿಯಲ್ಲಿ ಹೇಳಿತು. ಉಳಿದವುಗಳಲ್ಲಿ ಬಹುಭಾಗ ತಂತಿಗಳು, ಅಚ್ಚುಹಾಕಿಸಿದ ಠರಾವುಗಳು. 1956ರ ನವೆಂಬರ್ 1ಕ್ಕೆ ಕನ್ನಡನಾಡು ಒಂದಾಯಿತು; ಅದು ನ್ಯಾಯವಾಗಿಯೇ ಆಯಿತೆಂಬದರಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೂ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ತಂತಿ ಕಳಿಸಿದವರ ಎಣಿಕೆಯಿಂದ ತಂತಿ ಕಳಿಸದವರ ಮನಸ್ಸು ತಿಳಿಯುವದಿಲ್ಲ. ಹಳೆಯ ಮೈಸೂರಿನಲ್ಲಿ ಏಕೀಕರಣದ ವಿಷಯವಾಗಿ ಭಿನ್ನಾಭಿಪ್ರಾಯವಿತ್ತೆಂಬದು ಎಲ್ಲರೂ ಬಲ್ಲ ಸಂಗತಿ. ಹೊಲದಲ್ಲಿದ್ದ ಒಕ್ಕಲಿಗನಾಗಲಿ, ಅಡಿಗೆಮನೆಯಲ್ಲಿದ್ದ ತಾಯಿಯಾಗಲಿ ಯಾವ ಕಡೆಗೆ ಒಲಿದಿದ್ದರೆಂಬದನ್ನು ಕಾಗದಗಳ ರಾಶಿ ಹೇಳಲಾರದು.

ರಾಶಿ ದೊಡ್ಡದಾದರೆ ಸತ್ಯವೂ ದೊಡ್ಡದಾಗುತ್ತದೆಂಬ ಭ್ರಮೆ ನಮಗೊಬ್ಬರಿಗೇ ಇರಲಿಲ್ಲ. ಅಮೇರಿಕೆಯ ಲಿಟರರಿ ಡೈಜೆಸ್ಟ್ ಎಂಬ ವಾರಪತ್ರಿಕೆ 1936ರ ಅಧ್ಯಕ್ಷರ ಚುನಾವಣೆಗೆ ಮೊದಲು ಸುಮಾರು ಒಂದು ಕೋಟಿ ಚೀಟಿಗಳನ್ನು ಅಂಚೆಯಿಂದ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಉತ್ತರಗಳು ಬಂದವು. ಅವುಗಳನ್ನು ಎಣಿಸಿ, ಲ್ಯಾಂಡನ್ನರು ಗೆಲ್ಲುವರೆಂದು ಪತ್ರಿಕೆ ಸಾರಿತು. ಆದದ್ದೇನು? 48 ಸಂಸ್ಥಾನಗಳಲ್ಲಿ 46 ರೂಜವೆಲ್ಟರ ಪಾಲಾದವು. ಲ್ಯಾಂಡನ್ನರಿಗೆ ದಕ್ಕಿದವು ಎರಡೇ. ಪತ್ರಿಕೆಯು ವಿಳಾಸಗಳನ್ನು ಟೆಲಿಫೋನಿನ ಪಟ್ಟಿಗಳಿಂದಲೂ ಮೋಟಾರು ಗಾಡಿಗಳ ದಾಖಲೆಗಳಿಂದಲೂ ಆರಿಸಿಕೊಂಡಿತ್ತು. ಆ ಕಷ್ಟಕಾಲದಲ್ಲಿ ಅವೆರಡೂ ಉಳ್ಳವರ ಸೊತ್ತು. ಮೇಲಾಗಿ ಚೀಟಿ ಮುಟ್ಟಿದವರಲ್ಲಿಯೂ ಮುಕ್ಕಾಲು ಪಾಲು ಜನ ಉತ್ತರವನ್ನೇ ಬರೆಯಲಿಲ್ಲ. ಅದೇ ವರ್ಷ ಜಾರ್ಜ್ ಗ್ಯಾಲಪ್ ಎಂಬವರು ಎಷ್ಟೋ ಕಡಿಮೆ ಜನರನ್ನು, ಆದರೆ ಎಲ್ಲ ವರ್ಗಗಳವರನ್ನು ಹುಡುಕಿ ಕೇಳಿ, ರೂಜವೆಲ್ಟರೇ ಗೆಲ್ಲುವರೆಂದು ಸರಿಯಾಗಿ ಹೇಳಿದರು. 1948ರಲ್ಲಿ ಇದೇ ಗ್ಯಾಲಪ್ಪರೂ ಎಡವಿದರು; ಅವರು ಸೋಲುವರೆಂದ ಟ್ರೂಮನ್ನರು ಗೆದ್ದರು. ಇಂತಿಷ್ಟು ಗಂಡಸರು, ಇಂತಿಷ್ಟು ಹೆಂಗಸರು ಎಂದು ಗೊತ್ತುಮಾಡಿ, ಅವರೊಳಗೆ ಯಾರನ್ನು ಕೇಳಬೇಕೆಂಬದನ್ನು ಕೇಳುವವನ ಇಚ್ಛೆಗೆ ಬಿಟ್ಟದ್ದೂ, ಚುನಾವಣೆಗೆ ಇನ್ನೂ ದಿನಗಳಿರುವಾಗಲೇ ಕೇಳುವದನ್ನು ನಿಲ್ಲಿಸಿದ್ದೂ ಆ ತಪ್ಪಿಗೆ ಕಾರಣವಾದವು.

ಅನ್ನ ಬೆಂದಿದೆಯೋ ಇಲ್ಲವೋ ಎಂದು ನೋಡಲು ಒಂದು ಅಗುಳು ಸಾಕೆಂಬದು ನಮ್ಮ ತಾಯಂದಿರು ಬಲ್ಲ ಶಾಸ್ತ್ರ. ಆದರೆ ಪೇಟೆಯ ದಲಾಲಿಯು ಕಾಳಿನ ಚೀಲವನ್ನು ಕೊಳ್ಳುವಾಗ ಮೇಲಿನ ಹಿಡಿಯನ್ನಷ್ಟೇ ನೋಡಿ ಒಪ್ಪುವದಿಲ್ಲ. ಕಬ್ಬಿಣದ ಕೊಳವೆಯನ್ನು ಚೀಲದ ನಡುವಿಗೂ ಬುಡಕ್ಕೂ ಚುಚ್ಚಿ ಕಾಳು ತೆಗೆಯುತ್ತಾನೆ. ಮೇಲೆ ಒಳ್ಳೆಯ ಕಾಳು ಹರಡಿರಬಹುದೆಂಬದು ಅವನಿಗೆ ಗೊತ್ತು. ಸಂಖ್ಯಾಶಾಸ್ತ್ರದವರು ಮಾಡುವದೂ ಇದನ್ನೇ. ಊರಿನ ಪ್ರತಿಯೊಂದು ಮನೆಗೂ ಆಯ್ಕೆಯಾಗುವ ಅವಕಾಶವಿರುವಂತೆ ಚೀಟಿ ಎತ್ತಿ ಮನೆಗಳನ್ನು ಆರಿಸುತ್ತಾರೆ. ಹೀಗೆ ಆರಿಸಿದ ಒಂದು ಸಾವಿರ ಜನರಿಂದ ಬಂದ ಉತ್ತರವು ಇಡೀ ನಾಡಿನ ಉತ್ತರಕ್ಕಿಂತ, ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ, ನೂರಕ್ಕೆ ಸುಮಾರು ಮೂರರೊಳಗೆ ಮಾತ್ರ ಹೆಚ್ಚುಕಡಿಮೆಯಾಗುತ್ತದೆ. ಆ ತಪ್ಪನ್ನು ಅರ್ಧಕ್ಕಿಳಿಸಬೇಕಾದರೆ ನಾಲ್ಕು ಸಾವಿರ ಜನರನ್ನು ಕೇಳಬೇಕು. ಕಲಕತ್ತೆಯಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸರು ಬಂಗಾಲದ ಸೆಣಬಿನ ಬೆಳೆಯನ್ನು ಇದೇ ಮಾರ್ಗದಿಂದ ಅಳೆದರು. 1950ರಲ್ಲಿ ಮೊದಲಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ಅವರೇ ಪ್ರೇರಕರು.

ಎರಡನೆಯ ಪ್ರಶ್ನೆ: ಹೇಗೆ ಕೇಳಬೇಕು? ಸೆಣಬು ತನ್ನ ಅಳತೆಯನ್ನು ಮುಚ್ಚಿಡುವದಿಲ್ಲ. ಮನುಷ್ಯನು ಮನಸ್ಸನ್ನು ಮುಚ್ಚಿಡುತ್ತಾನೆ. ಹೌದು, ಅಲ್ಲ ಎಂಬೆರಡೇ ಮಾತುಗಳಲ್ಲಿ ಅವನ ಮನಸ್ಸು ಹಿಡಿಯುವದೂ ಇಲ್ಲ. ಆದುದರಿಂದಲೇ ರೆನ್ಸಿಸ್ ಲಿಕರ್ಟ್ ಎಂಬ ಪಂಡಿತರು 1932ರಲ್ಲಿ, ಪೂರ್ಣ ಒಪ್ಪಿಗೆಯಿಂದ ಪೂರ್ಣ ವಿರೋಧದವರೆಗೆ ಐದು ಮೆಟ್ಟಿಲುಗಳ ಅಳತೆಯನ್ನು ಬಳಕೆಗೆ ತಂದರು. ಶಬ್ದಗಳ ವಿಷಯದಲ್ಲಂತೂ ಭಾಷಾಶಿಕ್ಷಕರಾದ ನೀವು ಎಚ್ಚರಿಸಬೇಕಾದದ್ದು ಬಹಳವಿದೆ. “ಗಂಡನು ಹೆಂಡತಿಯನ್ನು ಹೊಡೆಯಬಹುದೇ?” ಎಂದು ಕನ್ನಡದಲ್ಲಿ ಕೇಳಿ ನೋಡಿರಿ. “ಬಹುದು” ಎಂಬುದಕ್ಕೆ ಸಂಭವವೆಂದೂ ಅರ್ಥವುಂಟು, ಅನುಮತಿಯೆಂದೂ ಅರ್ಥವುಂಟು. “ಹೌದು, ಹೊಡೆಯಬಹುದು” ಎಂದವಳು ಹೊಡೆಯುವದು ಸರಿಯೆಂದಳೋ, ಹೊಡೆದಾನೆಂದು ಅಂಜಿದಳೋ? ಪ್ರಶ್ನೆ ಕೆಟ್ಟಿದ್ದರೆ ಲಕ್ಷ ಉತ್ತರಗಳಿಂದಲೂ ಅದು ತಿಳಿಯದು.

ಹೇಳುವದಕ್ಕೂ ಮಾಡುವದಕ್ಕೂ ನಡುವಿನ ಅಂತರ ಮತ್ತೊಂದು. ಇದಕ್ಕೆ ನಮ್ಮ ರಾಮನಗರವೇ ಸಾಕ್ಷಿ. 1952ರಲ್ಲಿ ಮೊದಲಾದ ಒಂದು ಪ್ರಯೋಗದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಅಲ್ಲಿಯ ದಂಪತಿಗಳಿಗೆ ದಿನಗಳ ಲೆಕ್ಕ ಹಿಡಿದು ಸಂತಾನವನ್ನು ಮಿತಗೊಳಿಸುವ ಕ್ರಮವನ್ನು ಕಲಿಸಲು ಯತ್ನಿಸಿದರು. ಲೆಕ್ಕ ತಪ್ಪದಿರಲೆಂದು ಬಣ್ಣದ ಮಣಿಗಳ ಸರಗಳನ್ನೂ ಕೊಟ್ಟರು. ಕಲಿಯಲು ಮನಸ್ಸುಂಟೆಂದವರು ಬಹುಸಂಖ್ಯಾತರು; ಕಡೆಯವರೆಗೆ ನಡಸಿದವರು ತೀರ ಸ್ವಲ್ಪ ಜನ. ಅವರು ಸುಳ್ಳು ಹೇಳಿದರೆಂದಲ್ಲ. ಮನೆಗೆ ಬಂದು ಆದರದಿಂದ ಕೇಳಿದವರಿಗೆ ಇಲ್ಲವೆನ್ನಲು ನಮ್ಮ ಜನರಿಗೆ ಬಾಯಿ ಬರುವದಿಲ್ಲ; ಮನಸ್ಸಿದ್ದರೂ ನಿತ್ಯದ ಬಾಳಿನಲ್ಲಿ ನಡಸಲು ಅನುಕೂಲವಿರುವದಿಲ್ಲ.

ಈ ಎಲ್ಲ ಎಚ್ಚರಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ನಾವು ಮುಚ್ಚಿಡಲಾಗದ ಒಂದು ಅಂಕಿಯನ್ನು ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಭಾರತದಲ್ಲಿ 1992-93ರಿಂದ ನಡೆದುಬಂದಿದೆ. 2019-21ರ ಐದನೆಯ ಸಮೀಕ್ಷೆಯಲ್ಲಿ ಆರು ಲಕ್ಷಕ್ಕೂ ಮಿಕ್ಕಿ ಮನೆಗಳನ್ನು ಶಾಸ್ತ್ರೀಯವಾಗಿ ಆರಿಸಿ ವಿಚಾರಿಸಿದರು. ಗಂಡನು ಹೆಂಡತಿಯನ್ನು ಹೊಡೆಯುವದು ಯಾವ ಸಂದರ್ಭದಲ್ಲಾದರೂ ನ್ಯಾಯವೇ ಎಂದು ಕೇಳಿ, ಏಳು ಕಾರಣಗಳನ್ನು ಒಂದೊಂದಾಗಿ ಮುಂದಿಟ್ಟರು: ಹೇಳದೆ ಹೊರಗೆ ಹೋದರೆ, ಮನೆ-ಮಕ್ಕಳನ್ನು ಅಲಕ್ಷಿಸಿದರೆ, ಎದುರು ವಾದಿಸಿದರೆ, ಗಂಡನ ಸಂಗವನ್ನು ನಿರಾಕರಿಸಿದರೆ, ಅಡಿಗೆ ಸರಿಯಾಗಿ ಮಾಡದಿದ್ದರೆ, ನಡತೆಯ ಮೇಲೆ ಸಂಶಯ ಬಂದರೆ, ಅತ್ತೆ-ಮಾವಂದಿರಿಗೆ ಅಗೌರವ ತೋರಿದರೆ. ಕರ್ನಾಟಕದಲ್ಲಿ ಒಂದಕ್ಕಾದರೂ ಹೌದೆಂದ ಹೆಂಗಸರು ನೂರಕ್ಕೆ ಸುಮಾರು 77. ಗಂಡಸರು ಸುಮಾರು 82. ಇಡೀ ಭಾರತದಲ್ಲಿ ಅವೇ ಅಂಕಿಗಳು 45 ಮತ್ತು 44. ಹಿಮಾಚಲ ಪ್ರದೇಶದಲ್ಲಿ ಎರಡೂ 15ರ ಒಳಗೆ.

ಮಹನೀಯರೇ, ಈ ಅಂಕಿಯನ್ನು ಕೇಳಿ ನಮ್ಮ ತಲೆ ತಗ್ಗಿತು. ಅದರ ಬೆಲೆ ಕಡಿಮೆಮಾಡಲು ನೂರು ನೆವಗಳನ್ನು ಹುಡುಕಲು ಬರುತ್ತದೆ. ಏಳರಲ್ಲಿ ಒಂದಕ್ಕೆ ಹೌದೆಂದರೂ ಎಣಿಕೆಯಲ್ಲಿ ಸೇರುತ್ತಾರೆಂಬದು ನಿಜ. ಆದ್ದರಿಂದ ನೂರಕ್ಕೆ 77 ಹೆಂಗಸರು ಎಲ್ಲ ಹೊಡೆತವನ್ನೂ ಒಪ್ಪುತ್ತಾರೆಂದು ಓದುವದು ತಪ್ಪು. ಭಾಷೆ ಭಾಷೆಗೆ ಪ್ರಶ್ನೆಯ ದನಿ ಬೇರೆಯಾಗಬಹುದೆಂಬದೂ ನಿಜ. ಆದರೆ ಇಷ್ಟನ್ನೆಲ್ಲ ಕಳೆದ ಮೇಲೂ, ಇಡೀ ದೇಶದ ಸರಾಸರಿಗೂ ನಮಗೂ ನಡುವಿನ ಇಷ್ಟು ದೊಡ್ಡ ಅಂತರವನ್ನು ಕೇವಲ ಶಬ್ದಗಳ ತಲೆಗೆ ಕಟ್ಟಿ ಪಾರಾಗಲು ಬರುವದಿಲ್ಲ. ಅಕ್ಕಮಹಾದೇವಿಯ ನಾಡು ನಮ್ಮದೆಂದು ವೇದಿಕೆಗಳ ಮೇಲಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆ ಅಡಿಗೆಮನೆಯ ಹೊಸ್ತಿಲನ್ನು ಇನ್ನೂ ದಾಟಿಲ್ಲವೆಂಬದನ್ನು ಈ ಅಂಕಿ ಹೇಳುತ್ತದೆ. ಯಾವ ಚಪ್ಪಾಳೆಯೂ ನಮಗೆ ಇದನ್ನು ಹೇಳುತ್ತಿರಲಿಲ್ಲ.

ಇಲ್ಲಿ ಮೂರನೆಯ ಪ್ರಶ್ನೆ ಬರುತ್ತದೆ: ಅಂಕಿಯಿಂದ ಏನು ಮಾಡಬೇಕು? ನೂರರಲ್ಲಿ 77 ಜನ ಸರಿಯೆಂದರೆ ಅದು ಸರಿಯಾಗುತ್ತದೆಯೇ? ಎಂದಿಗೂ ಇಲ್ಲ. ವಿಧವೆಯರ ಪುನರ್ವಿವಾಹದ ಕಾಯದೆಯ ಕಾಲಕ್ಕೆ ಈಶ್ವರಚಂದ್ರ ವಿದ್ಯಾಸಾಗರರ ಪಕ್ಷದ ಸಹಿಗಳಿಗಿಂತ ವಿರೋಧದ ಸಹಿಗಳು ಎಷ್ಟೋ ಪಟ್ಟು ಹೆಚ್ಚಾಗಿದ್ದವು. ಆದರೂ 1856ರಲ್ಲಿ ಕಾಯದೆಯಾಯಿತು, ಆದದ್ದು ನ್ಯಾಯವೇ. ಆದರೆ ಕಾಯದೆಯಾದ ಮೇಲೂ ಬಹುಕಾಲ ಅಂಥ ವಿವಾಹಗಳು ವಿರಳವಾಗಿಯೇ ಉಳಿದವು. ಬಹುಮತವು ಧರ್ಮಾಧರ್ಮಗಳ ತಕ್ಕಡಿಯಲ್ಲ. ಮಾಡಬೇಕಾದ ಕೆಲಸ ಎಷ್ಟು ಉಳಿದಿದೆಯೆಂಬುದರ ಅಳತೆ. ವೈದ್ಯನು ಜ್ವರವನ್ನು ಅಳೆಯುವದು ಜ್ವರಕ್ಕೆ ಮರ್ಯಾದೆ ಕೊಡಲಿಕ್ಕಲ್ಲ.

ಶಿಕ್ಷಕ ಬಂಧುಗಳೇ, ನಿಮ್ಮ ಊರಿನಲ್ಲಿ ನೀವೂ ಈ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡಲು ಬರುತ್ತದೆ. ಮನೆಗಳ ಪೂರ್ಣ ಪಟ್ಟಿ ಮಾಡಿರಿ; ಊರ ಹೊರಗಿನ ಕೇರಿಯನ್ನು ಬಿಡಬೇಡಿರಿ. ಮೊದಲ ಹತ್ತರಲ್ಲಿ ಒಂದು ಮನೆಯನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಂದ ಪ್ರತಿ ಹತ್ತನೆಯ ಮನೆಗೆ ಹೋಗಿರಿ. ಬಾಗಿಲು ಹಾಕಿದ್ದರೆ ನೆರೆಮನೆಗೆ ಹೋಗದೆ, ಅದೇ ಮನೆಗೆ ಮತ್ತೊಂದು ಹೊತ್ತಿಗೆ ತಿರುಗಿ ಹೋಗಿರಿ. ಹೆಂಗಸರನ್ನು ಹೆಂಗಸರೇ, ಅತ್ತೆಯೂ ಗಂಡನೂ ಎದುರಿಗಿಲ್ಲದಾಗ ಕೇಳಲಿ. ಪ್ರಶ್ನೆಗಳನ್ನು ಮೊದಲು ಐದಾರು ಜನರ ಮುಂದೆ ಓದಿ, ಅವರಿಗೆ ಏನು ಅರ್ಥವಾಯಿತೆಂದು ತಿಳಿದುಕೊಳ್ಳಿರಿ. ಹೆಸರು ಬರೆಯಬೇಡಿರಿ. ಉತ್ತರ ಕೊಡಲೊಲ್ಲದವರು ಎಷ್ಟೆಂಬದನ್ನು ಮಾತ್ರ ತಪ್ಪದೆ ಬರೆಯಿರಿ. ಅವರ ಮೌನವೂ ಲೆಕ್ಕದಲ್ಲಿರಲಿ.

ಇನ್ನು ಆ ಡಬ್ಬಿಯ ಸೊನ್ನೆಗಳ ಮಾತು. ಅವುಗಳನ್ನು ನೋಡಿ ಹುಡುಗಿಯರ ವಿದ್ಯೆಗೆ ಊರೇ ವಿರೋಧಿಯೆಂದು ನಾವು ತಿಳಿದೆವು. ನಾಲ್ಕು ದಿನ ಸಿಟ್ಟಿನಲ್ಲಿಯೂ ಇದ್ದೆವು. ಆಮೇಲೆ ಶಿಕ್ಷಕಿಯೊಬ್ಬರು ಮನೆಮನೆಗೆ ಹೋಗಿ ತಾಯಂದಿರನ್ನು ಕೇಳಿಬಂದರು. “ಓದು ಬ್ಯಾಡ ಅಂತ ಯಾರಂದಾರ್ರೀ ಅಕ್ಕೋರ? ಸಂಜೀ ಬಸ್ಸು ಊರ ಮುಟ್ಟೂದ್ರಾಗ ಕತ್ತಲಾಗಿರ್ತದ. ಹಳ್ಳದಿಂದ ಊರ ತನಕ ಹುಡುಗಿ ಒಬ್ಬಾಕಿ ಹ್ಯಾಂಗ ಬರಬೇಕು?” ಎಂದು ಒಬ್ಬ ತಾಯಿ ಹೇಳಿದಳಂತೆ. ಮನೆಮನೆಯಲ್ಲಿಯೂ ಹೆಚ್ಚುಕಡಿಮೆ ಇದೇ ಮಾತು. ಊರವರು ಕೂಡಿ ಅರ್ಜಿ ಬರೆದರು. ಎರಡು ಸಲ ತಿರುಗಾಡಿದ ಮೇಲೆ ಬಸ್ಸಿನ ಹೊತ್ತು ಒಂದು ತಾಸು ಮುಂಚೆಯಾಯಿತು. ಆ ವರ್ಷ ಕಾಲೇಜಿಗೆ ಹೋದ ಹುಡುಗಿಯರನ್ನು ಎಣಿಸಲು ಒಂದು ಕೈಯ ಬೆರಳುಗಳು ಸಾಲಲಿಲ್ಲ.

ಎತ್ತಿದ ಕೈಗಳನ್ನು ನಂಬಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಸೊನ್ನೆಗಳನ್ನು ಎಣಿಸಿ ಅಲ್ಲಿಗೇ ನಿಂತಿದ್ದರೆ ನಮ್ಮ ಊರನ್ನೇ ತಪ್ಪಾಗಿ ತಿಳಿಯುತ್ತಿದ್ದೆವು. ಅಂಕಿಯು ನಮ್ಮನ್ನು ಬಾಗಿಲವರೆಗೆ ಮುಟ್ಟಿಸಿತು. ಬಾಗಿಲು ತಟ್ಟಿ ಕೇಳುವ ಕೆಲಸ ನಮ್ಮದೇ ಆಗಿತ್ತು. ಕರ್ನಾಟಕದ ಆ 77ರ ಹಿಂದೆಯೂ ಅಂಜಿಕೆ ಎಷ್ಟು, ರೂಢಿ ಎಷ್ಟು, ನಿಜವಾದ ನಂಬಿಕೆ ಎಷ್ಟು ಎಂಬದನ್ನು ಕೇಳಲು ಇನ್ನೂ ಎಷ್ಟೋ ಬಾಗಿಲುಗಳಿವೆ. ನೀವು ದಿನಾಲು ಪಾಠ ಹೇಳುವ ಮಕ್ಕಳು ಆ ಮನೆಗಳಿಂದಲೇ ಬರುತ್ತಾರೆ.